ಜಿಲ್ಲಾಧಿಕಾರಿಗಳೇ, ಗ್ರಂಥಾಲಯದಲ್ಲಿ ಒಂದು ಮೇಜು ಹಾಕಿಸಿ

ಮಾನ್ಯ ದಾವಣಗೆರೆ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಎಪಿಎಂಸಿ ಯಾರ್ಡಿನಿಂದ ನಿಮಗೆ ಪತ್ರ ಬಂದರೆ ಮೆಕ್ಕೆಜೋಳದ ದರದ್ದೇ ಇರುತ್ತದೆ ಅಂತ ನೀವು ಅಂದುಕೊಳ್ಳುವುದು ಸಹಜ. ಇದು ದರದ ಪತ್ರ ಅಲ್ಲ. ಡಿಗ್ರಿಯ ಪತ್ರ.

ನಾನು ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ರೈತರ ಪಟ್ಟಿ, ಹಮಾಲಿ, ತೂಕ, ಟ್ಯಾಲಿ, ಜಿಎಸ್‌ಟಿ ಎಲ್ಲಾ ನನ್ನ ಕೈಯಲ್ಲೇ. ಬಿ.ಕಾಂ. ಎರಡು ವರ್ಷ ಮುಗಿಸಿ, ಮೂರನೇ ವರ್ಷದ ಫೀಸ್ ಕಟ್ಟುವ ಹೊತ್ತಿಗೆ ಮದುವೆ ಗೊತ್ತಾಯಿತು. ಆಮೇಲೆ ಓದಿದರಾಯಿತು ಅಂದರು. ಆ ಆಮೇಲೆ ಬರಲಿಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

ಮೂರು ವರ್ಷದ ಹಿಂದೆ ನಮ್ಮ ಅಂಗಡಿಗೆ ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಸೇರಿದ. ಒಳ್ಳೆಯ ಹುಡುಗ. ಟ್ಯಾಲಿಯಲ್ಲಿ ಎಂಟ್ರಿ ಹಾಕುವುದನ್ನು ಕಲಿಸಿದ್ದು ನಾನೇ. ಎಂಟು ತಿಂಗಳಿಗೆ ಅವನಿಗೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿತು. ಅದೇ ಕೆಲಸಕ್ಕೆ ಅರ್ಜಿ ಹಾಕಲು ನಾನೂ ಹೋಗಿದ್ದೆ. ‘ಯಾವುದೇ ಪದವಿ’ ಅಂತ ಅರ್ಜಿಯಲ್ಲಿ ಒಂದು ಸಾಲು ಇತ್ತು. ಎರಡು ವರ್ಷದ ಬಿ.ಕಾಂ.ಗೆ ಆ ಸಾಲಿನಲ್ಲಿ ಜಾಗ ಇರಲಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ. ಸ್ವಲ್ಪ ಹೊಟ್ಟೆ ಉರಿದದ್ದು ಮಾತ್ರ ನಿಜ.

ಅವತ್ತೇ ಡಿಗ್ರಿ ಮುಗಿಸಬೇಕು ಅಂತ ತೀರ್ಮಾನ ಮಾಡಿದೆ. ತೀರ್ಮಾನಕ್ಕೆ ಒಂದು ಸಂಜೆ ಸಾಕಾಯಿತು. ಎಲ್ಲಿ ಸೇರಬೇಕು ಅಂತ ತಿಳಿಯಲು ಒಂದೂವರೆ ವರ್ಷ ಬೇಕಾಯಿತು, 5,000 ರೂಪಾಯಿಯೂ ಹೋಯಿತು. ಈ ಪತ್ರ ಆ ಒಂದೂವರೆ ವರ್ಷದ ಬಗ್ಗೆ, ಬೇರೆಯವರಿಗೆ ಹಾಗಾಗದಂತೆ ದಾರಿ ಹೇಳುವ ಒಂದು ಮೇಜಿನ ಬಗ್ಗೆ.

ನಮ್ಮದು ಕಾಲೇಜುಗಳ ಊರು. ಮಿಲ್ಲುಗಳು ಮುಚ್ಚಿದ ಮೇಲೆ ಊರನ್ನು ಹಿಡಿದು ನಿಲ್ಲಿಸಿದ್ದೇ ವಿದ್ಯೆ ಅಂತ ಹಿರಿಯರು ಹೇಳುತ್ತಾರೆ. ಮೆಡಿಕಲ್, ಇಂಜಿನಿಯರಿಂಗ್, ಡೆಂಟಲ್ ಎಲ್ಲವೂ ಇವೆ. ತೋಳಹುಣಸೆಯಲ್ಲಿ 2009ರಿಂದ ನಮ್ಮದೇ ವಿಶ್ವವಿದ್ಯಾಲಯವೂ ಇದೆ. ಹದಿನೆಂಟು ವರ್ಷದ ಮಕ್ಕಳು ಎಲ್ಲಿಗೆ ಸೇರಬೇಕು ಅಂತ ಹೇಳುವವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಮೂವತ್ತೈದು ವರ್ಷದ ಹೆಂಗಸು, ಅರ್ಧಕ್ಕೆ ಬಿಟ್ಟ ಓದು, ಕೈಯಲ್ಲಿ ಚೀಟಿ ಹಣ. ಇವಳು ಯಾರ ಹತ್ತಿರ ಕೇಳಬೇಕು? ಕಾಲೇಜಿಗೆ ಹೋದರೆ ರೆಗ್ಯುಲರ್ ಮಾತ್ರ ಅಂತಾರೆ. ಸೈಬರ್ ಸೆಂಟರ್‌ಗೆ ಹೋದರೆ ಅರ್ಜಿ ತುಂಬಿಕೊಡುತ್ತೇವೆ, ಯಾವುದಕ್ಕೆ ಅಂತ ನೀವೇ ಹೇಳಿ ಅಂತಾರೆ. ಕೊನೆಗೆ ಉಳಿಯುವುದು ಗೋಡೆಯ ಮೇಲಿನ ಪೋಸ್ಟರ್.

ಪೋಸ್ಟರಿನ ನಂಬರಿಗೆ ನಾನೂ ಫೋನ್ ಮಾಡಿದೆ. ಅಂಗಡಿಯೊಂದರ ಮೇಲಿನ ಮಹಡಿ, ಎರಡು ಕುರ್ಚಿ, ಗೋಡೆ ತುಂಬಾ ಬೇರೆ ಬೇರೆ ವಿಶ್ವವಿದ್ಯಾಲಯಗಳ ಹೆಸರು. ಆ ಆಫೀಸಿನ ಹೆಸರು ಬರೆಯಲ್ಲ, ಜಗಳಕ್ಕೆ ನನಗೆ ಪುರುಸೊತ್ತಿಲ್ಲ. ಅಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ‘ಮೇಡಂ, ನಿಮ್ದು ಎರಡು ವರ್ಷ ಆಗೇತಲ್ಲ, ಒಂದೇ ವರ್ಷದಾಗ ಮುಗಿಸಿ ಕೊಡ್ತೀವಿ. ಕ್ಲಾಸಿಗೆ ಬರೋದು ಬ್ಯಾಡ. ಪರೀಕ್ಷೆ ನಾವು ನೋಡ್ಕೊಂತೀವಿ ಬಿಡ್ರಿ’ ಅಂದ. ಪರೀಕ್ಷೆ ನೋಡಿಕೊಳ್ಳುವುದು ಅಂದರೆ ಏನು ಅಂತ ಕೇಳುವ ಬುದ್ಧಿ ಆ ಕ್ಷಣಕ್ಕೆ ಬರಲಿಲ್ಲ. ಒಂದೇ ವರ್ಷ ಅನ್ನುವ ಮಾತು ಕಿವಿಯಲ್ಲಿ ತುಂಬಿಕೊಂಡಿತ್ತು.

ಫೀಸ್ 48,000. ನೋಂದಣಿ ಅಂತ 5,000 ಬೇರೆ. ನೋಂದಣಿ ಕಟ್ಟಿ ಬಂದೆ. ಉಳಿದದ್ದಕ್ಕೆ ‘ಕಂತು ಮಾಡಿಕೊಡ್ತೀವಿ’ ಅಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಸಿದರು. ಆಧಾರ್, ಪ್ಯಾನ್ ಹಾಕಿ, ಒಂದು ಸೆಲ್ಫಿ ತೆಗೆದುಕೊಂಡು, ಒಟಿಪಿ ಹೇಳಿ ಅಂದರು. ನನ್ನ ಕೆಲಸ ಲೆಕ್ಕದ್ದು ನೋಡಿ, ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ. ಮಾರನೇ ದಿನ ಅಂಗಡಿಯಲ್ಲಿ ಹಳೇ ಪಟ್ಟಿಯ ಬೆನ್ನಿಗೆ ಬರೆದು ನೋಡಿದೆ. ತಿಂಗಳಿಗೆ 3,150, ಹದಿನೆಂಟು ತಿಂಗಳು. 56,700 ಆಯಿತು. ನೋಂದಣಿ ಸೇರಿಸಿದರೆ 61,700. ಅದು ಫೀಸಿನ ಕಂತು ಅಲ್ಲ, ನನ್ನ ಹೆಸರಿನಲ್ಲಿ ತೆಗೆಯುತ್ತಿದ್ದ ಸಾಲ. ನಡುವೆ ಓದು ಬಿಟ್ಟರೂ ಸಾಲ ಬಿಡಲ್ಲ. ಒಟಿಪಿ ಹೇಳಿಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು.

ಆಡಿಟರ್ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರ ಹತ್ತಿರ ಈ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಸೆಷನ್ನಮ್ಮ?’ ನನಗೆ ಅರ್ಥ ಆಗಲಿಲ್ಲ. ಆಮೇಲೆ ಅವರೇ ಕೂರಿಸಿಕೊಂಡು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಆಯೋಗದ, ದೂರಶಿಕ್ಷಣ ವಿಭಾಗದ ಜಾಲತಾಣ ತೆರೆದು ತೋರಿಸಿದರು. ಡೆಬ್ ಅಂತಾರೆ ಅದಕ್ಕೆ. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ಕೋರ್ಸಿಗೆ, ಯಾವ ಸೆಷನ್ನಿಗೆ ಅನುಮತಿ ಇದೆ ಅಂತ ಅಲ್ಲಿ ಪಟ್ಟಿ ಇರುತ್ತದೆ. ಸೆಷನ್ ಅಂದರೆ ಸೇರಿಸಿಕೊಳ್ಳುವ ಅವಧಿ. ವರ್ಷಕ್ಕೆ ಎರಡು: ಜನವರಿ ಮತ್ತು ಜುಲೈ. ಆ ಹುಡುಗ ಹೇಳಿದ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಇತ್ತು! ಒಂದು ಕ್ಷಣ ಖುಷಿಯಾಯಿತು. ಆದರೆ ಅದರ ಹೆಸರಿನ ಮುಂದೆ ಇದ್ದ ಕೋರ್ಸುಗಳಲ್ಲಿ ಬಿ.ಕಾಂ. ಇರಲಿಲ್ಲ. ವಿಶ್ವವಿದ್ಯಾಲಯ ಅಸಲಿ, ನನಗೆ ಮಾರುತ್ತಿದ್ದ ಡಿಗ್ರಿಗೆ ಮಾತ್ರ ಅನುಮತಿ ಇಲ್ಲ. ನಕಲಿ ಅಂದರೆ ಪೂರ್ತಿ ನಕಲಿ ಅಂತಲೇ ನಾನು ಅಂದುಕೊಂಡಿದ್ದೆ. ಅರ್ಧ ಅಸಲಿ ಇರುವುದು ಇನ್ನೂ ಅಪಾಯ, ಅಲ್ವಾ?

ಇನ್ನೂ ಒಂದು ಮಾತು ಅವರು ಹೇಳಿದರು. ಬೇರೆ ರಾಜ್ಯದ ವಿಶ್ವವಿದ್ಯಾಲಯ ದೂರಶಿಕ್ಷಣಕ್ಕಾಗಿ ನಮ್ಮ ಊರಿನಲ್ಲಿ ಕಲಿಕಾ ಕೇಂದ್ರ ತೆರೆಯುವಂತಿಲ್ಲ. ಆನ್‌ಲೈನ್ ಕೋರ್ಸಿಗೆ ರಾಜ್ಯದ ಗಡಿ ಇಲ್ಲ. ಆದರೆ ಅದಕ್ಕೆ ಮಹಡಿ ಮೇಲಿನ ಆಫೀಸೂ ಬೇಕಿಲ್ಲ, ನೇರವಾಗಿ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಸೇರಬಹುದು, ಅಲ್ಲೇ ಫೀಸ್ ಕಟ್ಟಬಹುದು. ಫ್ರಾಂಚೈಸಿ ಕೊಟ್ಟು ಡಿಗ್ರಿ ನಡೆಸುವಂತಿಲ್ಲ ಅಂತ ಯುಜಿಸಿ ಪ್ರಕಟಣೆಯನ್ನೇ ಹೊರಡಿಸಿದೆ. ಹಾಗಾದರೆ ಗೋಡೆಯ ಮೇಲೆ ಅಷ್ಟೊಂದು ಹೆಸರು ಬರೆದುಕೊಂಡವರು ಯಾರು? ಅವರು ನಡುವಿನವರು. ನಮ್ಮ ಯಾರ್ಡಿನಲ್ಲಿ ದಲ್ಲಾಳಿಗೆ ಲೈಸೆನ್ಸ್ ಬೇಕು, ಕಮಿಷನ್ ಎಷ್ಟು ಅಂತ ಪಟ್ಟಿಯಲ್ಲಿ ಕಾಣಬೇಕು. ಡಿಗ್ರಿ ದಲ್ಲಾಳಿಗೆ ಇದೊಂದೂ ಇಲ್ಲ.

5,000 ವಾಪಸ್ ಬರಲಿಲ್ಲ. ಮೂರು ಸಲ ಮಹಡಿ ಹತ್ತಿ ಬಂದೆ. ನಾಲ್ಕನೇ ಸಲ ಬೋರ್ಡೇ ಬದಲಾಗಿತ್ತು.

ಅನುಮತಿ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ನಮ್ಮ ರಾಜ್ಯಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದದ್ದು. ಅದಕ್ಕೆ ಯುಜಿಸಿ ಮಾನ್ಯತೆ 2012-13ರ ನಂತರ ಮುಂದುವರಿಯಲಿಲ್ಲ. ರಾಜ್ಯದ ಹೊರಗೆ ಕೇಂದ್ರ ನಡೆಸಿದ್ದು, ಖಾಸಗಿಯವರ ಜೊತೆ ಸೇರಿ ತಾಂತ್ರಿಕ ಕೋರ್ಸು ನಡೆಸಿದ್ದು ಕಾರಣ ಅಂತ ಯುಜಿಸಿ ಹೇಳಿತು. 2015ರಲ್ಲಿ ಯುಜಿಸಿ ಸಾರ್ವಜನಿಕ ಪ್ರಕಟಣೆ ಕೊಟ್ಟ ಮೇಲೆ, ಅಷ್ಟರಲ್ಲಿ ಸೇರಿ ಓದಿದ್ದವರು ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ವರ್ಷಗಟ್ಟಲೆ ಅಲೆದರು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು. ಇದನ್ನು ಹಳೇ ಗಾಯ ಕೆರೆಯಲು ಬರೆಯುತ್ತಿಲ್ಲ. ಈಗ ನಾನು ಓದುತ್ತಿರುವುದೇ ಅಲ್ಲಿ. ಸರ್ಕಾರದ್ದೇ ವಿಶ್ವವಿದ್ಯಾಲಯವಾದರೂ ಆ ವರ್ಷ, ಆ ಕೋರ್ಸು ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ಸೇರಬೇಕು ಅನ್ನುವುದಕ್ಕೆ ಬರೆದೆ. ಸೇರುವ ದಿನ ಆ ಪುಟದ ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡಿನ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನು ‘ಅರ್ಧಕ್ಕೆ ಬಿಟ್ಟ ಡಿಗ್ರಿ ಮುಗಿಸುವುದು’ ಅನ್ನುವ ಮಾತು. ಇದರಲ್ಲೇ ಎಲ್ಲರೂ ಮೋಸ ಹೋಗುವುದು. ನನ್ನ ಎರಡು ವರ್ಷ ಎಲ್ಲೋ ಜಮಾ ಆಗಿದೆ, ಹೋಗಿ ತೆಗೆದುಕೊಂಡರಾಯಿತು ಅಂತ ನಾನೂ ನಂಬಿದ್ದೆ. ಹಾಗೆ ಜಮಾ ಮಾಡುವ ವ್ಯವಸ್ಥೆ ಬಂದಿರುವುದು 2021ರಲ್ಲಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಹೆಸರು. ಹೆಸರಿಗೆ ಬ್ಯಾಂಕು, ದುಡ್ಡು ಇರಲ್ಲ. ಪಾಸಾದ ಒಂದೊಂದು ವಿಷಯಕ್ಕೂ ಇಷ್ಟು ಅಂತ ಲೆಕ್ಕ ಹಿಡಿದು ಕೊಡುವ ಕ್ರೆಡಿಟ್ ಇರುತ್ತದೆ. ಅಲ್ಲಿಟ್ಟ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ನಡೆಯುತ್ತದೆ. ಮೊನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗರಿಗೆ ಅದು ದೊಡ್ಡ ವರ. ನನ್ನಂಥ ಹಳೇ ಕಾಲದವರಿಗೆ ದಾರಿ ಬೇರೆ. ಓದು ಬಿಟ್ಟ ವಿಶ್ವವಿದ್ಯಾಲಯ ಡಿಗ್ರಿ ಮುಗಿಸಲು ಕೊಟ್ಟ ಅವಧಿ ಮುಗಿದಿದೆಯಾ, ಹಳೇ ವಿದ್ಯಾರ್ಥಿಗಳಿಗೆ ವಿಶೇಷ ಅವಕಾಶ ಅಂತ ಏನಾದರೂ ಕೊಟ್ಟಿದ್ದಾರಾ ಅಂತ ಮೊದಲು ಕೇಳಬೇಕು. ಇಲ್ಲ ಅಂದರೆ ಹೊಸದಾಗಿ ಸೇರುವ ಕಡೆ ಹಳೇ ವಿಷಯಗಳನ್ನು ಒಪ್ಪುತ್ತಾರಾ ಅಂತ ಕೇಳಬೇಕು. ಇಗ್ನೋದಲ್ಲಿ, ಅಂದರೆ ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಕ್ರೆಡಿಟ್ ವರ್ಗಾವಣೆಗೆ ಅವಕಾಶ ಇದೆ. ಅದೂ ಆಗಲಿಲ್ಲ ಅಂದರೆ ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಮೊದಲನೇ ವರ್ಷದಿಂದ ಶುರು ಮಾಡುವುದು.

ನಾನು ಮಾಡಿದ್ದು ಕೊನೆಯದು. ಹಳೇ ಸಿಲೆಬಸ್‌ನಲ್ಲಿ ಜಿಎಸ್‌ಟಿ ಅನ್ನುವ ಪದವೇ ಇರಲಿಲ್ಲ. ಜಿಎಸ್‌ಟಿ ಬಂದದ್ದೇ 2017ರಲ್ಲಿ. ಮನೆಯಲ್ಲಿ ‘ಮತ್ತೆ ಮೊದಲಿಂದನಾ?’ ಅಂದರು. ಮೂರು ವರ್ಷ ಹೇಗಿದ್ದರೂ ಕಳೆಯುತ್ತದೆ, ಓದಿದರೂ ಕಳೆಯುತ್ತದೆ, ಓದದಿದ್ದರೂ ಕಳೆಯುತ್ತದೆ ಅಂದೆ. ಅಲ್ಲಿಗೆ ಮಾತು ನಿಂತಿತು. ಒಂದೇ ವರ್ಷದಲ್ಲಿ ಡಿಗ್ರಿ ಕೊಡುತ್ತೇನೆ ಅಂದವನು ಮಾರುತ್ತಿದ್ದದ್ದು ಈ ‘ಮೊದಲಿಂದ’ ಅನ್ನುವ ಮಾತಿನ ಭಯವನ್ನೇ ಅಂತ ಆಗ ಗೊತ್ತಾಯಿತು.

ಹೆಸರಿನ ಕಥೆ ಕೇಳಿ. ಇದು ಹೆಂಗಸರಿಗೆ ಮಾತ್ರ ಬರುವ ತಾಪತ್ರಯ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿಗೆ ಅಪ್ಪನ ಇನಿಷಿಯಲ್ ಇದೆ. ಮದುವೆಯಾದ ಮೇಲೆ ರೇಷನ್ ಕಾರ್ಡಿಗೋಸ್ಕರ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿದೆ. ಪಹಣಿಯಲ್ಲಿ ‘ಕೋಂ’ ಹಾಕಿ ಇನ್ನೊಂದು ರೀತಿ ಇದೆ. ಒಬ್ಬಳೇ ಹೆಂಗಸು, ಕಾಗದದಲ್ಲಿ ಮೂವರು. ಈಗ ದೂರಶಿಕ್ಷಣಕ್ಕೋ ಆನ್‌ಲೈನ್ ಕೋರ್ಸಿಗೋ ಸೇರಬೇಕಾದರೆ ಮೊದಲು ಆ ಕ್ರೆಡಿಟ್ ಬ್ಯಾಂಕಿನ ಐಡಿ ಬೇಕು, ಅದರ ಮೇಲೆ ಡೆಬ್ ಐಡಿ ಅಂತ ಇನ್ನೊಂದು ಬೇಕು. 2024ರಿಂದ ಇದು ಕಡ್ಡಾಯ. ಒಳ್ಳೆಯದೇ, ಹಿಂದಿನ ತಾರೀಕು ಹಾಕಿ ಸೇರಿಸಿಕೊಳ್ಳುವ ಆಟ ಇದರಿಂದ ಕಷ್ಟವಾಗಿದೆ. ಆದರೆ ಆ ಐಡಿ ಆಧಾರ್‌ನ ಹೆಸರು ಹಿಡಿಯುತ್ತದೆ, ಅರ್ಜಿ ಮಾರ್ಕ್ಸ್ ಕಾರ್ಡಿನ ಹೆಸರು ಕೇಳುತ್ತದೆ. ಆಧಾರ್ ಮತ್ತೆ ತಿದ್ದಿಸಿದೆ. ಅದಕ್ಕೆ ಎರಡು ದಿನದ ಸಂಬಳ ಹೋಯಿತು. ಮೊದಲು ಗಂಡನ ಹೆಸರು ಸೇರಿಸಿದ್ದು ನನ್ನದೇ ತಪ್ಪು ಅನ್ನಿ. ಆದರೆ ಅವತ್ತು ಹೇಳುವವರು ಇದ್ದರೆ ಸೇರಿಸುತ್ತಿರಲಿಲ್ಲ.

ಫೀಸಿನ ಮಾತಿಗೆ ಬರುತ್ತೇನೆ. ‘ಅಗ್ಗದ ಆನ್‌ಲೈನ್ ಡಿಗ್ರಿ’ ಅಂತ ಹುಡುಕಿದರೆ ಫೋನಿನಲ್ಲಿ ಮೊದಲು ಬರುವುದು ಜಾಹೀರಾತು ಕೊಟ್ಟವರ ಹೆಸರು. ಖಾಸಗಿಯವರ ಆನ್‌ಲೈನ್ ಡಿಗ್ರಿ ಮೂರು ವರ್ಷಕ್ಕೆ ಲಕ್ಷ ದಾಟುವುದೂ ಉಂಟು. ಸರ್ಕಾರದ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ, ಪುಸ್ತಕವೂ ಅದರಲ್ಲೇ ಬರುತ್ತದೆ. ಇಗ್ನೋ 1985ರಿಂದ ನಡೆಯುತ್ತಿದೆ. ಅದರ ಪಾಠಗಳು ಈ-ಜ್ಞಾನಕೋಶ ಅನ್ನುವ ಕಡೆ ಪುಕ್ಕಟೆ ಸಿಗುತ್ತವೆ, ಸೇರದೇ ಇದ್ದವರೂ ಓದಬಹುದು. ಮೂರು ವರ್ಷದ ಡಿಗ್ರಿಯನ್ನು ಆರು ವರ್ಷದವರೆಗೂ ಎಳೆದು ಮುಗಿಸಬಹುದು. ಸುಗ್ಗಿಯ ತಿಂಗಳುಗಳಲ್ಲಿ ಪುಸ್ತಕ ಮುಟ್ಟಲಾಗದ ನನ್ನಂಥವರಿಗೆ ಇದು ದೊಡ್ಡ ಅನುಕೂಲ. ನಾನು ಅದನ್ನೇ ಆರಿಸಿಕೊಳ್ಳುತ್ತಿದ್ದೆ. ತಡೆದದ್ದು ಭಾಷೆ. ಅಲ್ಲಿ ಹೆಚ್ಚಿನ ಕೋರ್ಸು ಇಂಗ್ಲಿಷ್ ಇಲ್ಲಾ ಹಿಂದಿ. ನಾನು ಪಿಯುಸಿವರೆಗೆ ಓದಿದ್ದು ಕನ್ನಡದಲ್ಲಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬಹುದು. ದಾವಣಗೆರೆಯಲ್ಲೇ ಅದರ ಪ್ರಾದೇಶಿಕ ಕೇಂದ್ರ ಇದೆ. ಇಗ್ನೋದ ಪ್ರಾದೇಶಿಕ ಕೇಂದ್ರಕ್ಕೆ ಬೆಂಗಳೂರಿಗೋ ವಿಜಯಪುರಕ್ಕೋ ಹೋಗಬೇಕು. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಯಿತು.

ಆನ್‌ಲೈನ್ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆನ್‌ಲೈನ್ ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವು ಕಡೆ ಪರೀಕ್ಷೆಯೂ ಮನೆಯಲ್ಲೇ, ಕ್ಯಾಮೆರಾ ಮುಂದೆ. ಕೋಣೆಯಲ್ಲಿ ಬೇರೆ ಯಾರೂ ಬರಬಾರದು, ನೆಟ್ ಹೋಗಬಾರದು, ಲ್ಯಾಪ್‌ಟಾಪ್ ಬೇಕು. ನಮ್ಮದು ಒಂದು ಹಾಲ್, ಒಂದು ಅಡುಗೆಮನೆ, ಎರಡು ಮಕ್ಕಳು, ಒಬ್ಬ ಅತ್ತೆ. ಮೂರು ಗಂಟೆ ಯಾರೂ ಬರಬೇಡಿ ಅಂದರೆ ಅವರು ಹೋಗುವುದೆಲ್ಲಿಗೆ? ಬೇಸಿಗೆಯಲ್ಲಿ ಕರೆಂಟ್ ಬೇರೆ ಹೋಗುತ್ತದೆ. ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂತು ಪೆನ್ನಿನಲ್ಲಿ ಬರೆದು ಬರುವುದೇ ನನಗೆ ಸುಲಭ. ಮನೆಯಲ್ಲಿ ಒಂದು ಪ್ರತ್ಯೇಕ ಕೋಣೆ ಇರುವವರಿಗೆ, ಇಂಗ್ಲಿಷ್ ಬರುವವರಿಗೆ ಆನ್‌ಲೈನ್ ಚೆನ್ನಾಗಿಯೇ ಇದೆ. ಡಿಗ್ರಿಗೆ ಬೆಲೆ ಕಡಿಮೆ ಅಂತೇನೂ ಇಲ್ಲ. ಅನುಮತಿ ಇರುವ ದೂರಶಿಕ್ಷಣ ಮತ್ತು ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕಟಣೆಯ ಪ್ರಿಂಟೂ ನನ್ನ ಫೈಲಿನಲ್ಲಿದೆ. ನಾಳೆ ಇಂಟರ್‌ವ್ಯೂನಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಮುಂದೆ ಇಡುತ್ತೇನೆ.

ನಾನು ಸೇರಿದ ಸುದ್ದಿ ಯಾರ್ಡಿನಲ್ಲಿ ಹಬ್ಬಿತು. ಈಗ ಸುಮ್ನೆ ಕೂರಲು ಬಿಡುತ್ತಿಲ್ಲ. ಹರಿಹರದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಂದ. ಡಿಪ್ಲೊಮಾ ಆಗಿದೆ, ಡಿಸ್ಟೆನ್ಸ್‌ನಲ್ಲಿ ಬಿ.ಇ. ಮಾಡಿಸುತ್ತೇವೆ ಅಂತ ಯಾರೋ 80,000 ಕೇಳಿದ್ದರಂತೆ. ಇಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಕಾನೂನು ಇವನ್ನೆಲ್ಲ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮಾಡುವಂತಿಲ್ಲ. ದೂರಶಿಕ್ಷಣದ ಇಂಜಿನಿಯರಿಂಗ್ ಪದವಿಗಳ ವಿಷಯ 2017ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಅಂಥ ಪದವಿ ಹಿಡಿದವರು ಬಹಳ ಕಷ್ಟಕ್ಕೆ ಸಿಕ್ಕಿದ್ದರು. ಅಷ್ಟು ಹೇಳಿದ್ದಕ್ಕೆ ಹುಡುಗನ 80,000 ಉಳಿಯಿತು. ನನಗೆ ಅರ್ಧ ಕೆಜಿ ಬೆಣ್ಣೆ ಬಿಸ್ಕತ್ತು ತಂದುಕೊಟ್ಟ.

ನಮ್ಮ ಹಮಾಲರೊಬ್ಬರ ಮಗಳು ಪಿಯುಸಿಯಲ್ಲಿ ಲೆಕ್ಕದಲ್ಲಿ ಬಹಳ ಚುರುಕು. ‘ಅಕ್ಕಾರೆ, ಮಗಳು ಹಾಸ್ಟೆಲ್‌ಗೆ ಹೋಗಲ್ಲ ಅಂತಾಳೆ, ಮನಿಯಾಗ ಇದ್ದು ಓದೋದು ಏನರ ಐತೇನ್ರಿ?’ ಅಂತ ಕೇಳಿದರು. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್ ಪದವಿಯನ್ನು ಆನ್‌ಲೈನ್‌ನಲ್ಲೇ ಶುರು ಮಾಡಿದೆ. ಮೊದಲು ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಮನೆಯ ಆದಾಯ ನೋಡಿ ಫೀಸಿನಲ್ಲಿ ದೊಡ್ಡ ರಿಯಾಯಿತಿ ಕೊಡುತ್ತಾರೆ. ಒಂದು ಹಂತ ಮುಗಿಸಿ ನಿಲ್ಲಿಸಿದರೂ ಅಲ್ಲಿವರೆಗಿನದಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ಪಾಠ ಇಂಗ್ಲಿಷ್‌ನಲ್ಲಿ, ಕಷ್ಟವೂ ಇದೆ. ಅಪ್ಪ ಅರ್ಥ ಆಗದಿದ್ದರೂ ತಲೆಯಾಡಿಸಿದರು. ಆ ಹುಡುಗಿ ಈಗ ನನ್ನ ಹಳೇ ಫೋನಿನಲ್ಲಿ ಅದರ ಪುಕ್ಕಟೆ ಪಾಠಗಳನ್ನು ನೋಡುತ್ತಿದ್ದಾಳೆ. ಸೇರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಇಷ್ಟೆಲ್ಲ ಹೇಳಲು ನಾನು ಯಾರು? ನಾನೇ ಮೊದಲನೇ ವರ್ಷದ ವಿದ್ಯಾರ್ಥಿನಿ. ತಪ್ಪು ಹೇಳಿದರೆ ಅವರ ಹಣ, ವರ್ಷ ಎರಡೂ ಹೋಗುತ್ತವೆ. ರಾತ್ರಿ ಮಲಗಿದಾಗ ಹೆದರಿಕೆಯಾಗುತ್ತದೆ. ಇದು ದಲ್ಲಾಳಿ ಅಂಗಡಿಯ ಕಟ್ಟೆಯ ಮೇಲೆ ಆಗುವ ಕೆಲಸ ಅಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ದೊಡ್ಡ ಯೋಜನೆ ಬೇಡ, ಉದ್ಘಾಟನೆ ಬೇಡ, ಹೊಸ ಕಟ್ಟಡವಂತೂ ಬೇಡವೇ ಬೇಡ. ದಾವಣಗೆರೆಯ ಕೇಂದ್ರ ಗ್ರಂಥಾಲಯದಲ್ಲಿ ಒಂದು ಮೇಜು ಹಾಕಿಸಿ. ವಾರಕ್ಕೆ ಒಂದು ದಿನ ಸಾಕು. ಆದರೆ ಅದು ಭಾನುವಾರ ಆಗಬೇಕು. ಹತ್ತರಿಂದ ಐದು, ಸೋಮವಾರದಿಂದ ಶುಕ್ರವಾರ ಅಂತ ಇಟ್ಟರೆ ಕೆಲಸಕ್ಕೆ ಹೋಗುವವರು ಯಾರೂ ಬರಲ್ಲ, ಜನ ಬರಲಿಲ್ಲ ಅಂತ ಮೂರು ತಿಂಗಳಿಗೆ ಮೇಜು ಎತ್ತುತ್ತೀರಿ. ಸರ್ಕಾರಿ ಪದವಿ ಕಾಲೇಜಿನ ಒಬ್ಬರು ಮೇಷ್ಟ್ರು ಅಲ್ಲಿ ಕೂರಲಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇರಲಿ. ಬಂದವರ ಮಾರ್ಕ್ಸ್ ಕಾರ್ಡ್ ನೋಡಿ, ನಿಮಗೆ ಕ್ರೆಡಿಟ್ ಇದೆ, ನಿಮಗೆ ಇಲ್ಲ, ನೀವು ಮೊದಲಿನಿಂದ ಶುರು ಮಾಡಿ ಅಂತ ನೇರವಾಗಿ ಹೇಳಲಿ. ಯಾರಿಗೂ ಯಾವ ವಿಶ್ವವಿದ್ಯಾಲಯವನ್ನೂ ಮಾರಬಾರದು, ಅಷ್ಟೇ.

ಯುಜಿಸಿಯ ಪಟ್ಟಿ ಇಂಗ್ಲಿಷ್‌ನಲ್ಲಿದೆ. ಜನವರಿ ಮತ್ತು ಜುಲೈಗೆ ಮುಂಚೆ, ನಮ್ಮ ಕಡೆಯವರು ಹೆಚ್ಚಾಗಿ ಸೇರುವ ವಿಶ್ವವಿದ್ಯಾಲಯಗಳ ಭಾಗವನ್ನಾದರೂ ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ. ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳು, ಅಂದರೆ ಗ್ರಂಥಾಲಯಗಳು, ಇವೆ. ಅಲ್ಲಿ ದಿನಪತ್ರಿಕೆಯ ಪಕ್ಕ ಅಂಟಿಸಿದರೆ ಸಾಕು. ಆ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ ಬರೆಸಿ: ಫೀಸ್ ವಿಶ್ವವಿದ್ಯಾಲಯದ ಖಾತೆಗೆ ಮಾತ್ರ ಕಟ್ಟಿ. ಯಾರಿಗೂ ಒಟಿಪಿ ಹೇಳಬೇಡಿ. ಒಂದೇ ವರ್ಷದಲ್ಲಿ ಪೂರ್ತಿ ಡಿಗ್ರಿ ಅನ್ನುವುದು ಇಲ್ಲ.

ಮಹಡಿ ಮೇಲಿನ ಆಫೀಸುಗಳ ಬಗ್ಗೆಯೂ ಒಂದು ಮಾತು. ಎಲ್ಲರೂ ಕಳ್ಳರು ಅಂತ ನಾನು ಹೇಳಲ್ಲ. ಅರ್ಜಿ ತುಂಬಿಕೊಟ್ಟು ನ್ಯಾಯವಾಗಿ ಇನ್ನೂರು ಮುನ್ನೂರು ತೆಗೆದುಕೊಳ್ಳುವವರೂ ಇದ್ದಾರೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಕೊಡುವಾಗಲೋ ನವೀಕರಿಸುವಾಗಲೋ ಒಂದು ಷರತ್ತು ಹಾಕಲು ಸಾಧ್ಯವಾ ನೋಡಿ. ತಾವು ಯಾವ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾರೋ ಅದರ ಕೋರ್ಸು, ಸೆಷನ್, ಪೂರ್ತಿ ಫೀಸ್, ತಮ್ಮ ಕಮಿಷನ್ ಎಷ್ಟು ಅಂತ ಬೋರ್ಡಿನಲ್ಲಿ ಬರೆಯಲಿ. ತೂಕದ ಕಲ್ಲಿಗೆ ಸೀಲ್ ಹಾಕುವ ಸರ್ಕಾರಕ್ಕೆ ಇದು ಭಾರ ಆಗಲ್ಲ ಅಂದುಕೊಂಡಿದ್ದೇನೆ.

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಹೆಂಗಸರದು ಇನ್ನೊಂದು ತೊಂದರೆ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ಎಷ್ಟೋ ರೂಟಿನಲ್ಲಿ ಓಡುವುದೇ ಖಾಸಗಿ ಬಸ್ಸು. ಬೆಳಿಗ್ಗೆ ಪರೀಕ್ಷೆಗೆ ದಾವಣಗೆರೆಗೆ ಬರಬೇಕಾದರೆ ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯಬೇಕು. ಗಂಡನ ಕಡೆ ನೆಂಟರಾದರೆ ಅದಕ್ಕೆ ಬೇರೆ ವಿವರಣೆ ಕೊಡಬೇಕು. ತಾಲ್ಲೂಕಿನ ಸರ್ಕಾರಿ ಕಾಲೇಜುಗಳನ್ನು ಪರೀಕ್ಷಾ ಕೇಂದ್ರ ಮಾಡಿ ಅಂತ ಮುಕ್ತ ವಿಶ್ವವಿದ್ಯಾಲಯಗಳಿಗೆ ಜಿಲ್ಲಾಡಳಿತವೇ ಒಂದು ಪತ್ರ ಬರೆದರೆ ತೂಕ ಇರುತ್ತದೆ. ನಾವು ಬರೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಹೆಸರಿನ ತಿದ್ದುಪಡಿಗೆ ಆಧಾರ್ ಶಿಬಿರ ಮಾಡುವಾಗ ಒಬ್ಬರು ‘ಮಾರ್ಕ್ಸ್ ಕಾರ್ಡ್ ತಂದಿದ್ದೀರಾ ಅಮ್ಮ, ಮುಂದೆ ಓದುವ ಆಸೆ ಇದೆಯಾ?’ ಅಂತ ಕೇಳಿದರೆ ಸಾಕು. ಆ ಪ್ರಶ್ನೆಗೆ ಖರ್ಚಿಲ್ಲ. ಅದನ್ನು ಕೇಳಿಸಿಕೊಂಡವಳು ಮನೆಗೆ ಹೋಗಿ ಟ್ರಂಕಿನ ತಳದಿಂದ ಮಾರ್ಕ್ಸ್ ಕಾರ್ಡ್ ತೆಗೆದು ನೋಡುತ್ತಾಳೆ. ನಾನೂ ಹಾಗೇ ನೋಡಿದವಳು.

ಜುಲೈ ಸೆಷನ್ನಿಗೆ ಮುಂಚೆ ಈ ಮೇಜು ಬಂದರೆ ನಮ್ಮ ಯಾರ್ಡಿನಿಂದಲೇ ನಾಲ್ಕು ಜನ ಬರುತ್ತಾರೆ, ಹೆಸರು ಬರೆದಿಟ್ಟುಕೊಂಡಿದ್ದೇನೆ. ಗ್ರಂಥಾಲಯದಲ್ಲಿ ಜಾಗ ಇದೆ, ಮೇಜು ಇಲ್ಲ ಅಂತ ಯಾರಾದರೂ ಫೈಲಿನಲ್ಲಿ ಬರೆದರೆ ನಮ್ಮ ಅಂಗಡಿಯಲ್ಲಿ ಹಳೆಯದೊಂದು ತೇಗದ ಮೇಜು ಇದೆ. ಒಂದು ಕಾಲು ಸ್ವಲ್ಪ ಅಲ್ಲಾಡುತ್ತದೆ. ಸಾಹುಕಾರರನ್ನು ಕೇಳಿದ್ದೇನೆ, ಕೊಡುತ್ತೇನೆ ಅಂದಿದ್ದಾರೆ. ಸಾಗಿಸಲು ಹಮಾಲರೂ ಒಪ್ಪಿದ್ದಾರೆ.

ಇತಿ,
ಎಪಿಎಂಸಿ ಯಾರ್ಡಿನ ಒಬ್ಬ ಗುಮಾಸ್ತೆ,
ಪ್ರಥಮ ಬಿ.ಕಾಂ., ಎರಡನೇ ಸಲ
ದಾವಣಗೆರೆ